ಅಪ್ಪನ ಗಂಟಲು

ಅಪ್ಪನ ಸ್ಕೂಟರ್ ಚಿಕ್ಕಲಸಂದ್ರದ ನಮ್ಮ ಬೀದಿಯ ತಿರುವಿಗೆ ಬಂದರೆ ಸಾಕು, ಅಮ್ಮ ಕಿಟಕಿಗಳನ್ನು ಮುಚ್ಚುತ್ತಿದ್ದಳು. ಸೊಳ್ಳೆಗಲ್ಲ. ಅಪ್ಪ ಹೊಡೆದದ್ದು ಕಡಿಮೆ, ಕೂಗಾಡಿದ್ದೇ ಹೆಚ್ಚು. ಸಾರಿಗೆ ಉಪ್ಪು ಕಮ್ಮಿಯಾದರೂ ಕೂಗು, ನನಗೆ ಮಾರ್ಕ್ಸ್ ಕಮ್ಮಿಯಾದರೂ ಕೂಗು. ಪಕ್ಕದ ಭಾಗದಲ್ಲಿದ್ದ ಮನೆ ಮಾಲೀಕರಿಗೆ ಎಲ್ಲ ಕೇಳಿಸುತ್ತಿತ್ತು. ಮರುದಿನ ನಲ್ಲಿಯ ಹತ್ತಿರ ಏನೂ ಗೊತ್ತಿಲ್ಲದವರ ಹಾಗೆ ನಗುತ್ತಿದ್ದರು. ಆ ನಗು ಕಂಡರೆ ನನಗೆ ಮೈಯೆಲ್ಲ ಉರಿಯುತ್ತಿತ್ತು.

ಅತ್ತೆ, ಅಂದರೆ ಅಪ್ಪನ ಅಕ್ಕ, ಒಮ್ಮೆ ಮನೆಗೆ ಬಂದಿದ್ದಾಗ ನಾನು ಏನಕ್ಕೋ ಹಟ ಹಿಡಿದು ಕಿರುಚಿದೆ. "ನೋಡೇ, ಅಪ್ಪನ ಗಂಟಲೇ ಬಂದಿದೆ ಇವಳಿಗೆ!" ಎಂದು ಅವರು ಹೆಮ್ಮೆಪಟ್ಟರು. ಅಮ್ಮ ಅಡುಗೆಮನೆಗೆ ಎದ್ದುಹೋದಳು. ಅವತ್ತಿನಿಂದ ನಾನು ದನಿ ಎತ್ತಿದ್ದರೆ ಕೇಳಿ. "ಸ್ವಲ್ಪ ಜೋರಾಗಿ ಓದಮ್ಮ, ಬಾಯಲ್ಲಿ ಅವಲಕ್ಕಿ ಇಟ್ಕೊಂಡಿದೀಯಾ?" ಎಂದು ಟೀಚರ್ ಗದರುತ್ತಿದ್ದರು. ಗದರಲಿ ಬಿಡಿ. ಅಮ್ಮ ನನಗೂ ಹೆದರುವಂತಾಗಬಾರದು, ನನಗೆ ಬೇಕಿದ್ದದ್ದು ಅಷ್ಟೇ.

ಕಾಲೇಜಿಗೆ ಸೇರಿದ ಮೇಲೆ ಗೆಳತಿಯರ ಜೊತೆ ಕನಕಪುರ ರಸ್ತೆಯ ಬಸ್ಸು ಹಿಡಿದು ಕಾವೇರಿಗೆ ಹೋದೆ. ಕೋಣನಕುಂಟೆ ದಾಟುತ್ತಲೇ ಎದೆ ಹಗುರಾಗಿತ್ತು. ಹರಿಗೋಲಿನಲ್ಲಿ ಕೂತು ನೀರಿಗೆ ಕೈ ಬಿಟ್ಟೆ. ಹೊಳೆ ಒಂದೇ ಸಮನೆ ಸದ್ದು ಮಾಡುತ್ತಿತ್ತು, ಆದರೆ ಅದಕ್ಕೆ ಯಾರ ಮೇಲೂ ಸಿಟ್ಟಿರಲಿಲ್ಲ. ಅಷ್ಟು ಜೋರು ಸದ್ದಿನ ನಡುವೆ ನಾನು ನೆಮ್ಮದಿಯಾಗಿ ಕೂತಿದ್ದು ಅದೇ ಮೊದಲು. ಆಮೇಲೆ ರಜೆ ಇದ್ದರೂ ಹೊಳೆ, ಇಲ್ಲದಿದ್ದರೂ ಹೊಳೆ. ಡಿಗ್ರಿ ಮುಗಿದದ್ದೇ, ಜನರನ್ನು ರಾಫ್ಟಿಂಗ್‌ಗೆ ಕರೆದೊಯ್ಯುವ ಜೆ.ಪಿ. ನಗರದ ಒಂದು ಸಣ್ಣ ಆಫೀಸಿನಲ್ಲಿ ಕೆಲಸಕ್ಕೆ ಸೇರಿದೆ. ಗಾಳಿ ತುಂಬಿದ ರಬ್ಬರ್ ದೋಣಿಯ ಹಿಂದೆ ಕೂತು, ಯಾವಾಗ ಹುಟ್ಟು ಹಾಕಬೇಕು, ಯಾವಾಗ ನಿಲ್ಲಿಸಬೇಕು ಎಂದು ಮುಂದಿನವರಿಗೆ ಹೇಳುವ ಗೈಡ್ ಆಗುವ ಆಸೆ ನನಗೆ.

ಹೇಳಿದರೆ ಎಲ್ಲಿ ಕೇಳುತ್ತದೆ, ಕೂಗಬೇಕು! ಅಲ್ಲೇ ಬಂತು ಫಜೀತಿ. "ಏನಮ್ಮಾ, ರಾಫ್ಟ್ ಓಡಿಸ್ತಿದೀಯಾ, ಮಗು ಮಲಗಿಸ್ತಿದೀಯಾ?" ಎಂದು ಟ್ರೈನರ್ ರೇಗಿಸುತ್ತಿದ್ದರು. ಒಂದು ದಿನ ಕಾಳಿ ನದಿಯಲ್ಲಿ ಅಭ್ಯಾಸ. ಎದುರಿಗೆ ಬಂಡೆ ಕಂಡು "ಹಿಂದಕ್ಕೆ ಹಾಕಿ" ಎಂದೆ. ನೀರಿನ ಮೊರೆತದಲ್ಲಿ ಒಬ್ಬರಿಗೂ ಕೇಳಲಿಲ್ಲ. ದೋಣಿ ಬಂಡೆಗೆ ಬಡಿಯಿತು, ನನ್ನ ಜೊತೆ ಕಲಿಯುತ್ತಿದ್ದ ಬಿಟಿಎಂ ಲೇಔಟಿನ ಗೆಳೆಯ ನೀರಿಗೆ ಬಿದ್ದ. ಮುಳುಗಿ ಎದ್ದು, ದಿಕ್ಕು ತೋಚದೆ ಕೈ ಬಡಿಯುತ್ತಿದ್ದ.

"ಕಾಲು ಮೇಲೆತ್ತೋ! ನನ್ನ ಕಡೆ ನೋಡೋ! ಹಗ್ಗ ಹಿಡಿ, ಹಗ್ಗ!"

ಹೊಳೆ ತುಂಬ ಅಪ್ಪನ ಗಂಟಲು. ಅವನು ನನ್ನ ಕಡೆ ನೋಡಿದ, ನಾನೆಸೆದ ಹಗ್ಗ ಹಿಡಿದ, ದಡ ಸೇರಿದ.

ದಡದಲ್ಲಿ ನಾನು ಅಳುತ್ತಿದ್ದೆ. ಅವನು ಮೂಗಿನಿಂದ ಇಳಿಯುತ್ತಿದ್ದ ನೀರು ಒರೆಸಿಕೊಂಡು, "ಇಷ್ಟು ದಿನ ಈ ಗಂಟಲು ಎಲ್ಲಿಟ್ಟಿದ್ದೆ ಮಗಾ? ಸಖತ್ತಾಗಿದೆ!" ಎಂದ. ಆ ಗಂಟಲನ್ನು ಯಾರಾದರೂ ಸಖತ್ ಎಂದಾರೆಂದು ನಾನು ಕನಸಿನಲ್ಲೂ ಎಣಿಸಿರಲಿಲ್ಲ. ಅಳು ಇನ್ನೂ ಜಾಸ್ತಿಯಾಯಿತು.

ಮುಂದಿನ ವರ್ಷಗಳು ಹೊಳೆಯ ಮೇಲೇ ಕಳೆದವು. ಕೂಗಿ ಕೂಗಿ ನನ್ನ ದನಿಗೆ ನಾನೇ ಒಗ್ಗಿಕೊಂಡೆ. ಅಪ್ಪನ ಮೇಲಿನ ಸಿಟ್ಟೂ ಎಲ್ಲೋ ಕರಗುತ್ತ ಬಂತು. ಮನೆಗೆ ಬಂದರೆ ಮಾತ್ರ ಮತ್ತೆ ಅದೇ ಪಿಸುಮಾತು.

ಅಪ್ಪ ತೀರಿಕೊಂಡ ಮೇಲೆ ಒಂದು ಭಾನುವಾರ ಅಮ್ಮ, "ಅದೇನ್ ಕೆಲಸ ಮಾಡ್ತೀಯೋ ನಾನೂ ನೋಡ್ತೀನಿ ಕಣೇ" ಎಂದು ಹೊರಟೇಬಿಟ್ಟಳು. ನನ್ನ ಚೂಡಿದಾರ ತೊಟ್ಟು, ಲೈಫ್ ಜಾಕೆಟ್ ಬಿಗಿಸಿಕೊಂಡು, ದೋಣಿಯ ಮುಂದಿನ ಸಾಲಿನಲ್ಲೇ ಕೂತಳು. ಕಾವೇರಿ ಅಲ್ಲಿ ಸಾಧು, ಹೆದರುವಂಥದ್ದು ಏನೂ ಇರಲಿಲ್ಲ. ಹೆದರಿದವಳು ನಾನು. ನನ್ನ ಕೂಗು ಕೇಳಿ ಅಮ್ಮನ ಮುಖದಲ್ಲಿ ಆ ಹಳೆಯ ಭಯ ಕಂಡರೆ, ನಾನು ಮತ್ತೆ ಹೊಳೆಗೆ ಇಳಿಯಲಾರೆ.

ಮೊದಲ ಸೆಳವು ಹತ್ತಿರ ಬಂತು. "ಮುಂದಕ್ಕೆ ಹಾಕಿ" ಎಂದೆ, ನನಗೇ ಕೇಳದಷ್ಟು ಮೆಲ್ಲಗೆ. ದೋಣಿ ಅಡ್ಡಡ್ಡ ತಿರುಗತೊಡಗಿತು.

ಅಮ್ಮ ತಿರುಗಿ ನನ್ನ ಮುಖವನ್ನೇ ನೋಡಿದಳು.

"ಜೋರಾಗಿ ಕೂಗೇ! ನಂಗೇನೂ ಆಗಲ್ಲ, ನೀನು ಕೂಗು!"

ಕೂಗಿದೆ. ಅಮ್ಮ ಹುಟ್ಟು ಹಾಕಿದಳು.