ಹುಂಜದ ಬಸಿ

ಪಿಂಗಾಣಿ ತಟ್ಟೆ ಕಂಡರೆ ಮಗುಚಿ ಅದರ ಬೆನ್ನು ನೋಡುವುದು ನನ್ನ ಚಾಳಿ. ಅದು ಹುಟ್ಟಿದ ಊರು ಬೆನ್ನಿನ ಮೇಲಿರುತ್ತದೆ. ಜಪಾನ್, ಹಾಲೆಂಡ್, ಇಂಗ್ಲೆಂಡ್, ಕೆಲವಕ್ಕೆ ಬರೀ ಒಂದು ಕಿರೀಟದ ಮುದ್ರೆ. ಒಮ್ಮೆ ಶಿರಿಯದ ಒಂದು ಮನೆಯಲ್ಲಿ ಊಟಕ್ಕೆ ಕೂತಿದ್ದಾಗ, ತಡೆಯಲಾರದೆ, ತುಪ್ಪದನ್ನ ಬಡಿಸಿದ್ದ ತಟ್ಟೆಯನ್ನೇ ಒಂದು ಬದಿಯಿಂದ ಎತ್ತಿ ಕೆಳಗೆ ಇಣುಕಿದೆ. ಉಪ್ಪಿನಕಾಯಿ ಜಾರಿ ಪಕ್ಕದವರ ಬಿಳಿ ಪಂಚೆಯ ಮೇಲೆ ಬಿತ್ತು. ಇವರ ಕೈಗೆ ಬಸಿ ಕೊಡುವುದೂ ಕೋತಿಯ ಕೈಗೆ ಮಾಣಿಕ್ಯ ಕೊಡುವುದೂ ಒಂದೇ ಎಂದು ನನ್ನ ಹೆಂಡತಿ ಊರೆಲ್ಲ ಹೇಳಿಕೊಂಡು ಬಂದಳು. ಅದು ಸಣ್ಣ ನಾಚಿಕೆ. ಎರಡು ದಿನದಲ್ಲಿ ನಗೆಯಾಗಿ ಕರಗಿತು.

ಕರಗದೆ ಉಳಿದದ್ದು ಬೇರೆ ಉಂಟು.

ಎರಡು ಸಾವಿರದ ಇಸವಿ ಕಳೆದ ಮೇಲೆ ನಮ್ಮ ಕಡಲ ಬದಿಯಲ್ಲಿ ಹಳೆಯ ಹಂಚಿನ ಮನೆಗಳು ಒಂದೊಂದಾಗಿ ಉರುಳತೊಡಗಿದವು. ಗಲ್ಫಿನ ದುಡ್ಡಿನಲ್ಲಿ ತಾರಸಿ ಮನೆಗಳು ಏಳುತ್ತಿದ್ದವು. ಹಳೆಯ ಮನೆ ಕೆಡವುವ ಗುತ್ತಿಗೆ ಹಿಡಿಯುತ್ತಿದ್ದವನೊಬ್ಬ ನನಗೆ ಗೆಳೆಯನಾದ. ನಮ್ಮ ಕರಾವಳಿಯ ಮುಸಲ್ಮಾನರಾದ ಬ್ಯಾರಿಗಳ ಮನೆತನದವನು, ನನ್ನದೇ ವಯಸ್ಸು, ಬಾಯಿ ತುಂಬ ನಗು. ಕುಂಬಳೆಯಲ್ಲಿ ನಾನು ಗುಮಾಸ್ತನಾಗಿದ್ದ ಬ್ಯಾಂಕಿಗೆ ಅವನು ಬರುತ್ತಿದ್ದ. ಒಂದು ದಿನ ಪತ್ರಿಕೆಯ ಹಾಳೆಯಲ್ಲಿ ಸುತ್ತಿ ತಂದ ಗುಲಾಬಿ ಚಿತ್ರದ ತಟ್ಟೆಯೊಂದನ್ನು ಕೌಂಟರಿನ ಮೇಲಿಟ್ಟು, "ಇದು ನಿಂಗೆ ಬೇಕಾ ಮಾರಾಯ? ಇಲ್ಲದಿದ್ರೆ ಕೋಳಿಗೆ ನೀರಿಡ್ತೇನೆ" ಎಂದ. ಅಲ್ಲಿಂದ ಹುಚ್ಚು ಹತ್ತಿತು.

ಆ ಮೇಲೆ ಎಲ್ಲಿ ಮನೆ ಕೆಡವಿದರೂ ನನಗೆ ಫೋನು. ರಂಗೂನಿಗೆ, ಕೊಲಂಬೊಗೆ ಹೋಗಿ ಬಂದವರು, ಹಡಗಿನಲ್ಲಿ ಅಡುಗೆ ಮಾಡುತ್ತಿದ್ದವರು ಪೆಟ್ಟಿಗೆಯಲ್ಲಿ ಹುಲ್ಲು ತುಂಬಿ ತಂದ ತಟ್ಟೆಗಳು ಅಟ್ಟದಿಂದ ಇಳಿಯುತ್ತಿದ್ದವು. ಸೋಡಾಪುಡಿ ಹಾಕಿ ಉಜ್ಜಿ, ಸೈಕಲಿನ ಕಡ್ಡಿ ಬಗ್ಗಿಸಿ ಕೊಕ್ಕೆ ಮಾಡಿ ಗೋಡೆಗೆ ತೂಗುಹಾಕುತ್ತಿದ್ದೆ. ಪ್ರತಿಯೊಂದರ ಕತೆಯನ್ನೂ ಕೇಳಿ ತಿಳಿಯುತ್ತಿದ್ದೆ, ಯಾರು ತಂದದ್ದು, ಯಾರ ಮದುವೆಗೆ ತೆಗೆದದ್ದು ಎಂದು. ಕತೆ ಗೊತ್ತಿಲ್ಲದ ತಟ್ಟೆ ಬರೀ ಮಣ್ಣು ಎಂದು ಬಂದವರಿಗೆ ಉಪದೇಶ ಬೇರೆ ಮಾಡುತ್ತಿದ್ದೆ.

ಗೆಳೆಯನ ಮನೆಯಲ್ಲಿ ನಾನು ಎಷ್ಟು ಸಲ ಉಂಡಿದ್ದೇನೋ. ಅವನ ಹೆಂಡತಿ ಬ್ರಾಹ್ಮಣನಾದ ನನಗೆಂದು ಮೀನು ಮುಟ್ಟದ ಪಾತ್ರೆಯಲ್ಲಿ ತುಪ್ಪದನ್ನ ಮಾಡುತ್ತಿದ್ದರು. ಅವನ ತಂದೆ, ಎಲ್ಲರ ಬಾಯಲ್ಲಿ ಉಪ್ಪ, ನನ್ನ ಪಕ್ಕವೇ ಕೂತು, "ಹಾಕಿ, ಇನ್ನೊಂದು ಸೌಟು ಹಾಕಿ ಅವರಿಗೆ" ಎನ್ನುತ್ತಿದ್ದರು. ಹಿಂದೆ ಊರೂರು ತಿರುಗಿ ಒಳ್ಳೆಮೆಣಸು, ಗೇರುಬೀಜ ಕೊಳ್ಳುತ್ತಿದ್ದ ವ್ಯಾಪಾರಿ. ತೆಳ್ಳನೆಯ ಮನುಷ್ಯ, ಮಾತು ಮೆಲ್ಲಗೆ.

ಆ ಉಪ್ಪ ಮಾತ್ರ ನನ್ನ ಮನೆಗೆ ಒಮ್ಮೆಯೂ ಬಂದದ್ದಿಲ್ಲ. ಕರೆದಾಗೆಲ್ಲ ಒಂದು ನೆಪ. ಒಮ್ಮೆ ಮೊಣಕಾಲು ನೋವು, ಒಮ್ಮೆ ಮಳೆ, ಒಮ್ಮೆ ಉಪವಾಸ. ಅದೇ ಉಪ್ಪ ನಮ್ಮ ಬೀದಿಯ ಮೂಲೆಯ ಮನೆಯ ಜಗಲಿಯಲ್ಲಿ ಚಹಾ ಕುಡಿಯುತ್ತಿದ್ದುದನ್ನು ನಾನೇ ಕಣ್ಣಾರೆ ಕಂಡೆ. ಸಿಟ್ಟು ಬಂತು. ನಾನು ನಿಮ್ಮಲ್ಲಿ ಇಷ್ಟು ಸಲ ಉಂಡವ, ನನ್ನ ಮೇಜಿನಲ್ಲಿ ಒಂದು ತುತ್ತು ತಿನ್ನಲು ನಿನ್ನ ಉಪ್ಪನಿಗೆಂತ ಕಷ್ಟ ಎಂದು ಗೆಳೆಯನಲ್ಲಿ ಜಗಳವನ್ನೇ ಆಡಿದೆ. "ಬರ್ತಾರೆ ಬಿಡು ಮಾರಾಯ, ಪ್ರಾಯದವರು" ಎಂದು ಅವನು ತೇಲಿಸಿದ. ನಿಜ ಹೇಳಿದರೆ, ಉಪ್ಪ ಒಮ್ಮೆ ಬಂದು ಉಂಡರೆ ನಾನು ಹಳೆಯ ಕಾಲದವನಲ್ಲ ಎಂಬುದಕ್ಕೆ ಒಂದು ಮೊಹರು ಬಿದ್ದಂತೆ ಎಂದು ನನ್ನ ಲೆಕ್ಕ. ಆ ಮೊಹರು ನನಗೆ ಬಹಳ ಬೇಕಾಗಿತ್ತು.

ಕೊನೆಗೆ ಬಂದರು. ಮೊಮ್ಮಗಳ ಮದುವೆಗೆ ಕರೆಯಲು ಹಿರಿಯರೇ ಹೋಗಬೇಕಾದ ಕಾರಣ ಮಗನ ಜೊತೆ ಅವನ ಜೀಪಿನಲ್ಲಿ ಒಂದು ಸಂಜೆ ಬಂದು ಇಳಿದರು. ನನಗೆ ನೆಲ ಕಾಣಲಿಲ್ಲ. ಹೆಂಡತಿಗೆ ಗೋಳಿಬಜೆ ಕರಿಯಲು ಹೇಳಿ, ಗೋಡೆಯಿಂದ ನನ್ನ ಅತ್ಯಂತ ಪ್ರೀತಿಯ ತಟ್ಟೆಯನ್ನು ಇಳಿಸಿದೆ. ಹಸಿರು ಅಂಚು, ನಡುವೆ ಕೆಂಪು ಜುಟ್ಟಿನ ಒಂದು ಹುಂಜ, ಅಂಚಿನಲ್ಲಿ ಉಗುರಿನಷ್ಟು ತುಂಡು ಹೋದದ್ದು. ನಮ್ಮ ಮನೆಯಲ್ಲಿ ಅದರ ಹೆಸರೇ ಹುಂಜದ ಬಸಿ.

ಅದು ಯಾವ ಹಳೆಯ ಬ್ಯಾರಿ ಮನೆಯದ್ದೂ ಅಲ್ಲ. ಪೈವಳಿಕೆಯ ನಮ್ಮ ಮೂಲಮನೆಯದ್ದೇ. ಚಿಕ್ಕಪ್ಪ ಬಚ್ಚಲುಕೊಟ್ಟಿಗೆ ರಿಪೇರಿ ಮಾಡಿಸುವಾಗ ಅದರ ಹೊರಗೋಡೆಯ ಮೇಲೆ, ಮೈ ಉಜ್ಜುವ ತೆಂಗಿನನಾರಿನ ಕೆಳಗೆ ಕವುಚಿ ಬಿದ್ದಿತ್ತು. ಇಂಥ ವಸ್ತುವನ್ನು ಹೀಗಾ ಇಡುವುದು ಎಂದು ಚಿಕ್ಕಪ್ಪನಿಗೆ ಬೈದು ತಂದಿದ್ದೆ. ಬಾಳೆಲೆ, ಹಿತ್ತಾಳೆಯ ಮನೆಯಲ್ಲಿ ಒಂದೇ ಒಂದು ಪಿಂಗಾಣಿ ಹೇಗೆ ಬಂತು, ಅದೂ ಬಚ್ಚಲಿನ ಗೋಡೆಗೆ ಯಾಕೆ ಹೋಯಿತು ಎಂದು ಊರಿನ ತಟ್ಟೆಗಳ ಜಾತಕ ಬರೆಯುವ ನಾನು ಕೇಳಲೇ ಇಲ್ಲ. ಊರಿಗೆಲ್ಲ ಶಕುನ ಹೇಳುವ ಹಲ್ಲಿ ತಾನು ಬಚ್ಚಲಲ್ಲಿ ಬಿತ್ತಂತೆ. ಕೇಳುವ ಬದಲು ನಾನೇ ಒಂದು ಕತೆ ಹೊಸೆದಿದ್ದೆ. ನಮ್ಮ ಅಜ್ಜ ಬಹಳ ವಿಶಾಲ ಮನಸ್ಸಿನವರು, ಸಸ್ಯಾಹಾರದ ಮನೆಗೆ ಹುಂಜದ ಚಿತ್ರ ತಂದವರು!

ಆ ಕತೆಯನ್ನು ಆ ದಿನ ಉಪ್ಪನ ಎದುರೂ ಹೇಳಿದೆ. ಎಲ್ಲರಿಗೂ ಬೇರೆ ತಟ್ಟೆ, ಹಿರಿಯರೆಂದು ಹುಂಜದ ಬಸಿ ಅವರಿಗೆ. ಅವರು ಅದನ್ನು ಒಂದು ಕ್ಷಣ ನೋಡಿದರು. ಹೆಬ್ಬೆರಳಿನಿಂದ ಆ ತುಂಡು ಹೋದ ಅಂಚನ್ನು ಸವರಿದರು. "ಹೌದಾ, ಒಳ್ಳೆ ಮನುಷ್ಯರು ಅವರು" ಎಂದಷ್ಟೇ ಹೇಳಿ ಗೋಳಿಬಜೆ ತಿಂದರು. ಪೂರ್ತಿ ತಿಂದರು. ನನಗೆ ಸ್ವರ್ಗ ಮೂರೇ ಗೇಣು.

ತಿಂದು ಮುಗಿದದ್ದೇ ಅವರು ತಟ್ಟೆ ಹಿಡಿದುಕೊಂಡು ಎದ್ದರು. "ಅಲ್ಲೇ ಬಿಡಿ ಉಪ್ಪ, ಇವಳು ತೆಗೀತಾಳೆ" ಎಂದೆ. ಕೇಳಿಸಿತೋ ಇಲ್ಲವೋ. ಮೆಟ್ಟಿಲಿಳಿದು, ನಾವು ಕಾಲು ತೊಳೆಯುವ ಅಂಗಳದ ನಲ್ಲಿಗೆ ಹೋಗಿ, ಕುಕ್ಕರುಗಾಲಲ್ಲಿ ಕೂತು, ಬೆರಳಿನಿಂದ ಸುತ್ತ ಉಜ್ಜಿ ತೊಳೆದು, ಬಸಿಯನ್ನು ಕಂಪೌಂಡು ಗೋಡೆಯ ಮೇಲೆ ಕವುಚಿ ಇಟ್ಟರು. ನಾನೂ ಗೆಳೆಯನೂ ಹಿಂದೆಯೇ ಓಡಿದೆವು.

"ನೀವು ಎಂತಕ್ಕೆ ತೊಳೆದದ್ದು?" ಎಂದೆ. ನನ್ನ ಸ್ವರ ಬೇಕಾದದ್ದಕ್ಕಿಂತ ಜೋರಾಯಿತು.

"ಅಭ್ಯಾಸ ಮಾರಾಯ್ರೆ" ಎಂದು ಅವರು ನಕ್ಕರು. "ಇದು ನನ್ನ ಬಸಿ ಅಲ್ವಾ? ಪೈವಳಿಕೆಗೆ ಒಳ್ಳೆಮೆಣಸಿಗೆ ಬರುವಾಗ ನಿಮ್ಮ ಅಜ್ಜಿ ನಂಗೆ ಇದ್ರಲ್ಲೇ ಕೊಡುದು. ಬಿಸಿಬಿಸಿ ದೋಸೆ, ಬೆಲ್ಲ. ಹೊಟ್ಟೆ ತುಂಬ ಕೊಡ್ತಿದ್ರು. ತಿಂದು, ತೊಳೆದು, ಬಚ್ಚಲಿನ ಗೋಡೆಯಲ್ಲಿ ಇಡುದು. ಈ ತುಂಡು ಹೋದದ್ದು ನನ್ನ ಕೈಯಿಂದಲೇ. ಒಂದು ಮಾತು ಬೈಯ್ಲಿಲ್ಲ ಆ ಅಮ್ಮ."

ಅವರ ಮಾತಿನಲ್ಲಿ ಕಹಿಯಿರಲಿಲ್ಲ. ಇದ್ದಿದ್ದರೆ ನಾನು ಏನಾದರೂ ಉತ್ತರ ಕೊಟ್ಟು ಪಾರಾಗುತ್ತಿದ್ದೆ. ಹುಂಜದ ಚಿತ್ರದ ತಟ್ಟೆ ಮನೆಯೊಳಗೆ ಬಂದದ್ದು ನನ್ನ ಗೋಡೆಗೇ ಮೊದಲು. ಅದಕ್ಕಿಂತ ಮುಂಚೆ ಅದು ಒಳಗೆ ಕಾಲಿಟ್ಟದ್ದೇ ಇಲ್ಲ, ಅದರಲ್ಲಿ ತಿಂದವರೂ ಇಟ್ಟದ್ದಿಲ್ಲ. ಗೆಳೆಯನ ಮುಖ ನೋಡಿದೆ. ಅವನಿಗೂ ಇದು ಗೊತ್ತಿರಲಿಲ್ಲ. ತಂದೆ ಯಾಕೆ ಇಷ್ಟು ವರ್ಷ ನನ್ನ ಮನೆಗೆ ಬರಲಿಲ್ಲ ಎಂಬುದು ಅವನಿಗೆ ತಿಳಿದದ್ದೂ ನನ್ನ ಜೊತೆಯೇ.

ಅಷ್ಟರಲ್ಲಿ ನನ್ನ ಅಮ್ಮ ತುಳಸಿಗೆ ನೀರು ಹಾಕಲು ಚೆಂಬು ಹಿಡಿದು ಬದಿಯ ಬಾಗಿಲಿನಿಂದ ಬಂದಳು. ಅವಳ ವಾಸ ನಮ್ಮ ಮನೆಯಲ್ಲೇ. ನನ್ನ ತಟ್ಟೆಗಳನ್ನು ಒಂದು ದಿನವೂ ಮುಟ್ಟಿದವಳಲ್ಲ. ಒಡೆದೀತೆಂಬ ಹೆದರಿಕೆ ಎಂದು ನಾನು ತಿಳಿದಿದ್ದೆ.

"ಅಯ್ಯೋ, ನೀವು ಒಳ್ಳೆಮೆಣಸಿನ ಬ್ಯಾರಿಗಳಲ್ವಾ! ಎಷ್ಟು ಸಪೂರ ಆಗಿದ್ದೀರಿ!" ಎಂದಳು ಅಮ್ಮ. ಉಪ್ಪನ ಮುಖ ಅರಳಿತು. ಮನೆಯವರು ಹೇಗಿದ್ದಾರೆ, ಮಕ್ಕಳೆಷ್ಟು, ಅಜ್ಜಿ ತೀರಿಹೋದದ್ದು ಯಾವಾಗ ಎಂದು ಇಬ್ಬರೂ ಮಾತಿಗೆ ನಿಂತರು. ಮಾತಾಡುತ್ತಾ ಮಾತಾಡುತ್ತಾ ಅಮ್ಮ ಗೋಡೆಯ ಬಳಿ ಬಂದಳು. ಉಪ್ಪ ಮಾತು ನಿಲ್ಲಿಸದೆ ಹಿಂದೆ ಸರಿದು ಜಾಗ ಬಿಟ್ಟರು. ಅಮ್ಮ ಚೆಂಬನ್ನು ಎತ್ತರಕ್ಕೆ ಹಿಡಿದು, ತಾಗದ ಹಾಗೆ, ಬಸಿಯ ಮೇಲೆ ಮೇಲಿನಿಂದ ನೀರು ಹೊಯ್ದಳು. ಇಬ್ಬರೂ ನಗುತ್ತಲೇ ಇದ್ದರು.

ಏನಾದರೂ ಮಾಡಬೇಕಿತ್ತು. ಮುಂದೆ ನುಗ್ಗಿ, ಅಮ್ಮನಿಗೆ ಕಾಣಲೆಂದೇ, ಉಪ್ಪನಿಗೆ ಕಾಣಲೆಂದೇ, ಒದ್ದೆ ಬಸಿಯನ್ನು ಎರಡೂ ಕೈಯಲ್ಲಿ ಎತ್ತಿ ಎದೆಗೊತ್ತಿಕೊಂಡು ಒಳಗೆ ಹೋಗಿ ಊಟದ ಮೇಜಿನ ನಡುವೆ ಇಟ್ಟೆ. ದೊಡ್ಡ ಕೆಲಸ ಮಾಡಿದವನಂತೆ ಹೊರಗೆ ಬಂದೆ.

"ಕೈ ತೊಳಕ್ಕೊ" ಎಂದಳು ಅಮ್ಮ ಮೆಲ್ಲಗೆ, ನಮ್ಮ ಮನೆಮಾತಿನಲ್ಲಿ.

ನಾನು ನಲ್ಲಿ ತಿರುಗಿಸಿ ಕೈ ತೊಳೆದೆ.

ಯೋಚಿಸಿ ತೊಳೆದದ್ದಲ್ಲ. ಚಿಕ್ಕಂದಿನಿಂದ ಆ ಸ್ವರ ಕೇಳಿದರೆ ಕೈ ನೀರಿಗೆ ಹೋಗುತ್ತದೆ, ಹಾಗೆ ಹೋಯಿತು. ಮೊಣಕೈವರೆಗೆ ತೊಳೆದು ಪಂಚೆಗೆ ಒರೆಸಿಕೊಳ್ಳುವಾಗಲಷ್ಟೇ ಬುದ್ಧಿ ಬಂದದ್ದು. ಉಪ್ಪ ಬೇಕೆಂದೇ ಮುಖ ತಿರುಗಿಸಿ ದಾಸವಾಳದ ಗಿಡ ನೋಡುತ್ತಿದ್ದರು. ಗೆಳೆಯ ಮಾತ್ರ ನನ್ನ ಕೈಗಳನ್ನೇ ನೋಡುತ್ತಿದ್ದ. ಅಮ್ಮನ ಮೇಲೆ ತಪ್ಪು ಹಾಕಿ ಎಷ್ಟೋ ಸಲ ನನಗೆ ನಾನೇ ಸಮಾಧಾನ ಹೇಳಿಕೊಳ್ಳಲು ನೋಡಿದ್ದೇನೆ. ಆಗುವುದಿಲ್ಲ. ಅಮ್ಮನಿಗೆ ಪ್ರಾಯ ಎಂಬತ್ತರ ಹತ್ತಿರ, ಅವಳೆಂದೂ ವಿಶಾಲ ಮನಸ್ಸಿನವಳೆಂದು ಹೇಳಿಕೊಂಡವಳಲ್ಲ. ಹೇಳಿಕೊಂಡವನು ನಾನು.

ಮದುವೆಗೆ ಹೋದೆ. ಹೋಗದಿದ್ದರೆ ಇನ್ನೂ ಕೆಟ್ಟದಾಗುತ್ತಿತ್ತು. ಚಪ್ಪರದಲ್ಲಿ ದೊಡ್ಡ ಹರಿವಾಣಗಳ ಸುತ್ತ ನಾಲ್ಕು ನಾಲ್ಕು ಜನ ಕೂತು ಉಣ್ಣುತ್ತಿದ್ದರು. ನಾನು ಅತ್ತ ನಡೆದೆ. ಗೆಳೆಯ ಓಡಿ ಬಂದು ತಡೆದ.

"ಇಲ್ಲಿ ಬನ್ನಿ ಸಾರ್, ನಿಮಗೆ ಬೇರೆ ಮಾಡಿಸಿದ್ದೇನೆ" ಎಂದ.

ಅವನು ನನ್ನನ್ನು ಸಾರ್ ಎಂದದ್ದು ಅದೇ ಮೊದಲು. ಮಹಡಿಯ ಒಂದು ಕೋಣೆಯಲ್ಲಿ ಫ್ಯಾನಿನ ಕೆಳಗೆ ಮೇಜು, ಒಂದೇ ಕುರ್ಚಿ, ಅಂಗಡಿಯ ಚೀಟಿ ಇನ್ನೂ ಬಿಡಿಸದ ಹೊಸ ತಟ್ಟೆ. "ಯಾರೂ ಉಂಡದ್ದಲ್ಲ ಸಾರ್. ಅಡುಗೆಯೂ ಹೋಟೆಲಿನಿಂದ ತರಿಸಿದ್ದು. ಸಂಶಯ ಬೇಡ" ಎಂದ. ಕೊಂಕು ಇರಲಿಲ್ಲ. ಅತಿಥಿಗೆ ತೊಂದರೆಯಾಗಬಾರದೆಂಬ ಕಾಳಜಿಯೇ ಇತ್ತು. ನಾನು ಕೆಳಗೆ ಎಲ್ಲರ ಜೊತೆ ಕೂರುತ್ತೇನೆ ಎನ್ನಬೇಕೆಂದು ಬಾಯಿ ತೆರೆದೆ. ಆ ಮಾತು ಹೇಳಲು ನನಗೆ ಮುಖ ಇರಲಿಲ್ಲ. ಕೂತು ಉಂಡೆ.

ಉಂಡು ಎದ್ದಾಗ ತಟ್ಟೆ ಕೈಯಲ್ಲೇ ಉಳಿಯಿತು. ನಲ್ಲಿ ಎಲ್ಲಿದೆಯೆಂದು ಕಣ್ಣು ಹಾಯಿಸಿದೆ.

"ಅಲ್ಲೇ ಇಡಿ ಸಾರ್" ಎಂದ ಗೆಳೆಯ. "ನಾವು ತೊಳೀತೇವೆ."