ಒಣಗಲು ಇಟ್ಟಿದ್ದ ಫಿಲ್ಟರ್

ದೇವನಹಳ್ಳಿ ತಾಲ್ಲೂಕಿನ ವಿಜಯಪುರದಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಅಕ್ಕ ದಿನವೂ ತಮ್ಮ ಹೈಬ್ರಿಡ್ ಕಾರಿನಲ್ಲಿ ದೇವನಹಳ್ಳಿಗೆ ಕೆಲಸಕ್ಕೆ ಹೋಗುತ್ತಿದ್ದರು. ಎಂಜಿನ್ನಿಗೆ ಹೋಗುವ ಗಾಳಿ ಸೋಸಲು ತೊಳೆದು ಮತ್ತೆ ಬಳಸುವಂಥ ಏರ್ ಫಿಲ್ಟರ್ ಹಾಕಿಸಿದ್ದರು. ಅದನ್ನು ತೊಳೆದಾಗಲೆಲ್ಲ ಬಿಸಿಲಿಗೆ ಎತ್ತಿ ಹಿಡಿದು, ಒಂದು ಕಣ್ಣು ಮುಚ್ಚಿ ನೋಡುವರು. "ಗಾಳಿ ಚೆನ್ನಾಗಿ ಆಡಿದ್ರೆ ಪೆಟ್ರೋಲ್ ಉಳಿಯುತ್ತೆ ಕಣಪ್ಪಾ" ಎನ್ನುವರು. ಆ ಮಾತನ್ನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ.

ಒಂದು ಭಾನುವಾರ ಮಧ್ಯಾಹ್ನ ನನ್ನ ಹೆಂಡತಿಗೆ ಹೆರಿಗೆ ನೋವು ಶುರುವಾಯಿತು, ಡಾಕ್ಟರು ಹೇಳಿದ್ದಕ್ಕಿಂತ ಮುಂಚೆಯೇ. ಆಂಬುಲೆನ್ಸ್ ತಡವಾಗುತ್ತದೆ ಎಂದರು. ಅಕ್ಕನ ಮನೆಗೆ ಓಡಿದರೆ ಕಾರಿನ ಬಾನೆಟ್ ತೆರೆದಿತ್ತು. ಕಾಂಪೌಂಡ್ ಗೋಡೆಯ ಮೇಲಿಟ್ಟ ಫಿಲ್ಟರಿನಿಂದ ಇನ್ನೂ ನೀರು ತೊಟ್ಟಿಕ್ಕುತ್ತಿತ್ತು.

"ಅಕ್ಕಾ, ಇದು ಒಣಗೋದು ಯಾವಾಗ?" ಎಂದೆ.

"ಅದನ್ನ ಯಾರು ಕಾಯ್ತಾರೆ! ಹಳೇ ಪೇಪರ್ ಫಿಲ್ಟರ್ ಐತೆ, ಹಾಕ್ಬಿಡ್ತೀನಿ. ನೀನು ಅವಳನ್ನ ಕರ್ಕೊಂಡ್ ಬಾ."

ಧೂಳು ತುಂಬಿದ ಆ ಹಳೆಯದನ್ನು ಗೋಡೆಗೆ ಬಡಿದು, ಕೊಡವಿ, ಕೂರಿಸಿಯೇ ಬಿಟ್ಟರು. ಸದಾ ಮೈಲೇಜ್ ನೋಡಿಕೊಂಡೇ ಓಡಿಸುವವರು ಅವತ್ತು ಆ ಕಡೆ ಕಣ್ಣೇ ಹಾಯಿಸಲಿಲ್ಲ. "ಬಂದ್ಬಿಟ್ವಿ ತಾಯಿ, ಬಂದೇ ಬಿಟ್ವಿ" ಎನ್ನುತ್ತಲೇ ದೇವನಹಳ್ಳಿಯ ಆಸ್ಪತ್ರೆ ಮುಟ್ಟಿಸಿದರು.

ತಾಯಿ ಮಗು ಇಬ್ಬರೂ ಚೆನ್ನಾಗಿದ್ದಾರೆ ಎಂದು ನರ್ಸ್ ಹೇಳಿದಾಗ ನಾನು ಎರಡೂ ಕೈ ಎತ್ತಿ ಮುಗಿದೆ. ಆಕೆ ಮಗುವನ್ನು ಅಕ್ಕನ ಕಡೆ ಚಾಚಿದರು. ಅಕ್ಕ ಫಿಲ್ಟರಿನ ಧೂಳಿಗೆ ಕಪ್ಪಾದ ತಮ್ಮ ಅಂಗೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಬಗ್ಗಿ ನೋಡಿದರು. "ಇರು ನನ್ ಕಂದಾ, ಕೈ ತೊಳ್ಕೊಂಡ್ ಬಂದ್ಬಿಡ್ತೀನಿ" ಎಂದು ನಲ್ಲಿ ಹುಡುಕಿಕೊಂಡು ಓಡಿದರು.