ಕೊಳ್ಳದ ಭೂಮಿ ಮಾರಿದ ಜೇಕಬ್

ಆರ್ಡೆಲಾ ಬೆವನ್ಸ್ ನಲವತ್ತೊಂದು ವರ್ಷ ಊರವರ ಜಮೀನಿನ ಜಾತಕ ಬರೆದವಳು. ವರ್ಜೀನಿಯಾದ ಪೂರ್ವ ತೀರದಲ್ಲಿ, ಕೊಲ್ಲಿಗೂ ಕಡಲಿಗೂ ನಡುವೆ ಸಿಕ್ಕಿಕೊಂಡ ನಮ್ಮ ಈ ನೆಲದಲ್ಲಿ ಯಾರೇ ಮನೆ ಕೊಳ್ಳಲಿ, ಯಾರೇ ಹೊಲ ಮಾರಲಿ, ವಕೀಲರು ಮೊದಲು ಹೇಳಿ ಕಳಿಸುತ್ತಿದ್ದದ್ದು ಅವಳಿಗೆ. ಅವಳು ಕೋರ್ಟಿನ ದಾಖಲೆ ಕೋಣೆಯಲ್ಲಿ ಕೂತು, ಈ ಹೊಲ ಇವನಿಗೆ ಯಾರಿಂದ ಬಂತು, ಅವನಿಗೆ ಯಾರಿಂದ ಬಂತು ಎಂದು ಒಂದೊಂದೇ ಕ್ರಯಪತ್ರ ಹಿಡಿದು ಹಿಂದಕ್ಕೆ ನಡೆದು ವರದಿ ಬರೆದುಕೊಡುತ್ತಿದ್ದಳು. ಮಧ್ಯೆ ಒಂದು ಪತ್ರ ಸಿಗದಿದ್ದರೆ, ಕೊನೆಯ ಸಾಲಿನಲ್ಲಿ ‘ಕೊಂಡಿ ಸಿಗಲಿಲ್ಲ’ ಎಂದು ಕಡ್ಡಿ ಮುರಿದಂತೆ ಬರೆಯುವಳು. ಆಮೇಲೆ ಯಾರು ಬಂದು ಅಂಗಲಾಚಿದರೂ ಆ ಸಾಲು ಅಳಿಸುತ್ತಿರಲಿಲ್ಲ.

ಮಾತಿನಲ್ಲೂ ಹಾಗೆಯೇ. ಇಪ್ಪತ್ತೈದನೆಯ ವಯಸ್ಸಿನಲ್ಲಿ ಮೊದಲ ದಿನ ಆ ಕೋಣೆಗೆ ಹೋದಾಗ, ಅಲ್ಲಿದ್ದ ಗುಮಾಸ್ತ ಇವಳ ಕಪ್ಪು ಮುಖ ನೋಡಿದವನೇ ಮೂಲೆಯ ಬಕೆಟ್ಟನ್ನೂ ನೆಲ ಒರೆಸುವ ಕೋಲನ್ನೂ ತೋರಿಸಿದನಂತೆ. “ನಾನು ಓದೋಕೆ ಬಂದೋಳು. ಒರೆಸೋ ಆಸೆ ನಿಮಗಿದ್ರೆ ಒರೆಸಿ, ನಾನು ಕಾಲು ಎತ್ತಿ ಕೂರ್ತೀನಿ” ಎಂದು ಹೇಳಿ ಕಿಟಕಿ ಪಕ್ಕದ ಮೇಜು ಹಿಡಿದಳು. ಆ ಗುಮಾಸ್ತ ಹೋದ, ಅವನ ಹಿಂದಿನಿಂದ ನಾಲ್ವರು ಬಂದು ಹೋದರು, ಮೇಜು ಮಾತ್ರ ಆರ್ಡೆಲಾಳದೇ ಆಗಿ ಉಳಿಯಿತು. ಈಗಿನ ಗುಮಾಸ್ತೆ ಡಾರ್ಲೀನಳಂತೂ ಅವಳು ನಿವೃತ್ತಳಾಗಿ ಹತ್ತು ವರ್ಷ ಕಳೆದರೂ ಆ ಕುರ್ಚಿಯಲ್ಲಿ ಬೇರೆಯವರನ್ನು ಕೂರಿಸಲು ಹೆದರುತ್ತಿದ್ದಳು.

ಊರವರ ಮುತ್ತಾತಂದಿರನ್ನೆಲ್ಲ ಬೆರಳ ತುದಿಯಲ್ಲಿ ಇಟ್ಟುಕೊಂಡಿದ್ದ ಈ ಹೆಂಗಸು ತನ್ನವರನ್ನು ಹುಡುಕಿರಲೇ ಇಲ್ಲ. ಹುಡುಕಬೇಕಾಗಿ ಬಂದದ್ದು ಎಪ್ಪತ್ತಾರನೆಯ ವಯಸ್ಸಿನಲ್ಲಿ, ಅದೂ ಒಂದು ಗೇಟಿನಿಂದ.

ಹೆರಾನ್ ನೆಕ್ ಎಂಬ ಭೂಚಾಚಿನ ತುದಿಯಲ್ಲಿ ದೇವದಾರು ಮರಗಳ ಕೆಳಗೆ ಬೆವನ್ಸರ ಹಳೆಯ ಸಮಾಧಿಗಳಿವೆ. ಕಲ್ಲಿಲ್ಲ, ಹೆಸರಿಲ್ಲ. ನೆಲ ಕುಸಿದ ಗುಳಿಗಳು, ಗುಳಿಯ ಅಂಚಿಗೆ ಜೋಡಿಸಿಟ್ಟ ಶಂಖಗಳು, ಅಷ್ಟೇ. ಆರ್ಡೆಲಾಳ ಅಣ್ಣ ಎಲ್‌ವುಡ್ ಎಂಬತ್ತಮೂರರ ಮುದುಕ. ಜೀವನವಿಡೀ ಏಡಿ ಹಿಡಿದವನು. ಪ್ರತಿ ವರ್ಷ ಈಸ್ಟರಿಗೆ ಮೊದಲು ಅಲ್ಲಿಗೆ ಹೋಗಿ ಮುಳ್ಳು ಕಡಿದು, ಉರುಳಿದ ಶಂಖ ಸರಿಮಾಡಿ ಬರುವುದು ಅವನ ಪಾಲಿಗೆ ಪ್ರಾರ್ಥನೆ ಇದ್ದ ಹಾಗೆ. ಆ ವರ್ಷ ಹೋದರೆ ದಾರಿಗೆ ಹೊಸ ಗೇಟು, ಗೇಟಿಗೆ ಬೀಗ, ಬೀಗದ ಹಿಂದೆ ಜಾಗ ಕೊಂಡಿದ್ದ ಹಾಲ್‌ವರ್ಸನ್ ಎಂಬ ಉತ್ತರದ ಕಡೆಯ ಮನುಷ್ಯ.

“ನೋಡಿ ಸರ್, ನಂಗೆ ನಿಮ್ಮ ಮೇಲೆ ಏನೂ ದ್ವೇಷ ಇಲ್ಲ” ಎಂದ ಅವನು, ಮರ್ಯಾದೆಯಿಂದಲೇ. “ಆದ್ರೆ ಅಲ್ಲಿ ಸಮಾಧಿ ಅನ್ನೋಕೆ ಏನಿದೆ? ನಾಲ್ಕು ಶಂಖ ಬಿದ್ದಿವೆ. ಕಡಲ ಪಕ್ಕ ಶಂಖ ಬೀಳದೆ ಇನ್ನೇನು ಬೀಳುತ್ತೆ?”

“ಶಂಖ ತಾನೇ ಎದ್ದು ಬಂದು ಸಾಲಾಗಿ ಕೂರುತ್ತೇನಪ್ಪಾ?” ಎಂದ ಎಲ್‌ವುಡ್.

ಹಾಲ್‌ವರ್ಸನ್ನನ ವಕೀಲನಿಂದ ಕಾಗದ ಬಂತು. 1768ರ ಹಳೆಯ ಕ್ರಯಪತ್ರವೊಂದರಲ್ಲಿ ‘ಗೋರಿಗಳಿರುವ ಅರ್ಧ ಎಕರೆಯನ್ನು ಇಮ್ಯಾನ್ಯುಯೆಲ್ ಬೆವನ್ಸನ ವಂಶದವರಿಗೆ ಬಿಟ್ಟು’ ಎಂಬ ಮಾತಿರುವುದು ಹೌದು. ನೀವು ಆ ವಂಶದವರೆಂದು ದಾಖಲೆಯಿಂದ ತೋರಿಸಿದರೆ ಗೇಟು ತೆರೆಯುತ್ತೇವೆ. ಇಲ್ಲದಿದ್ದರೆ ಸೆಪ್ಟೆಂಬರ್ ಹತ್ತರಂದು ದೋಣಿಮನೆ ಕಟ್ಟಲು ನೆಲ ಮಟ್ಟಮಾಡುತ್ತೇವೆ.

ಆರ್ಡೆಲಾ ಓದಿ ನಕ್ಕಳು. “ನನ್ನ ಹತ್ರ ದಾಖಲೆ ಕೇಳ್ತಾನಲ್ಲ, ಪಾಪ! ಮೀನಿಗೆ ಈಜು ಬರುತ್ತಾ ಅಂತ ಕೇಳಿದ ಹಾಗಾಯ್ತು.”

ಏಪ್ರಿಲಿನಲ್ಲಿ ಕೂತವಳು ಮೇ ಮುಗಿಯುವಷ್ಟರಲ್ಲಿ ತನ್ನಿಂದ ಆರು ತಲೆಮಾರು ಹಿಂದಕ್ಕೆ ಹೋಗಿ, ಆ ಅರ್ಧ ಎಕರೆ ಬಿಟ್ಟು ಉಳಿದದ್ದನ್ನು ಮಾರಿದ ಜೇಕಬ್ ಬೆವನ್ಸ್‌ನ ಬಾಗಿಲು ತಟ್ಟಿದಳು. ತೆರಿಗೆ ಪಟ್ಟಿ, ಮದುವೆ ಪತ್ರ, ಗುಲಾಮಗಿರಿ ಇದ್ದ ಕಾಲದಲ್ಲೂ ನಾವು ಸ್ವತಂತ್ರರೆಂದು ಕೋರ್ಟಿನಲ್ಲಿ ಹೆಸರು ಬರೆಸಿಕೊಂಡವರ ಪುಸ್ತಕ, ಎಲ್ಲ ಕೊಂಡಿಗಳೂ ಗಟ್ಟಿಯಾಗಿದ್ದವು. ಆ ಕಡೆ ತುದಿಯಲ್ಲಿ ಇಮ್ಯಾನ್ಯುಯೆಲ್ ಕೂಡ ಸಿಕ್ಕಿದ. ಅವನ ತಾಯಿ ಬಿಳಿ ಆಳುಹೆಂಗಸು, ತಂದೆ ಕಪ್ಪು ಗುಲಾಮ. ಕರಾರಿನಂತೆ ಮೂವತ್ತು ವರ್ಷದವರೆಗೆ ಅವನು ಧಣಿಯ ಜೀತಕ್ಕಿರಬೇಕಿತ್ತು. ಮೂವತ್ತು ತುಂಬಿದರೂ ಧಣಿ ಬಿಡಲಿಲ್ಲ. 1711ರಲ್ಲಿ ಅವನು ಸೀದಾ ಕೋರ್ಟಿಗೆ ಹೋಗಿ, ನನ್ನ ಕಾಲ ಮುಗಿದಿದೆ, ನನ್ನನ್ನು ಬಿಡಿಸಿ ಎಂದು ಕೇಳಿ ಗೆದ್ದು ಬಂದ. ಎಂಟು ವರ್ಷಕ್ಕೆ ಹೊಗೆಸೊಪ್ಪು ಬೆಳೆದು ಅದನ್ನೇ ಕೊಟ್ಟು ಹೆರಾನ್ ನೆಕ್ಕಿನಲ್ಲಿ ಐವತ್ತು ಎಕರೆ ಕೊಂಡ. ಅದನ್ನು ಓದಿದ ದಿನ ಆರ್ಡೆಲಾ ಎರಡಿಂಚು ಎತ್ತರವಾಗಿ ಮನೆಗೆ ಬಂದಳು. “ನನ್ನ ನಾಲಿಗೆ ಎಲ್ಲಿಂದ ಬಂತು ಅಂತ ಇವತ್ತು ಗೊತ್ತಾಯ್ತು ಕಣೋ” ಎಂದು ಎಲ್‌ವುಡ್‌ನಿಗೆ ಹೇಳಿದಳು.

ಆದರೆ ನಡುವೆ ಒಂದು ಹಲ್ಲು ಬಿದ್ದಿತ್ತು. ಜೇಕಬ್ ಇಮ್ಯಾನ್ಯುಯೆಲ್‌ನ ಮಗ ಎಂದು ಎಲ್ಲೂ ಬರೆದಿರಲಿಲ್ಲ. ಚರ್ಚಿನ ಜನನ ಪುಸ್ತಕ ಯಾವ ಕಾಲದಲ್ಲೋ ಸುಟ್ಟುಹೋಗಿತ್ತು. ಆರ್ಡೆಲಾ ಎದೆಗುಂದಲಿಲ್ಲ. 1719ರಲ್ಲಿ ಇಮ್ಯಾನ್ಯುಯೆಲ್ ಕೊಂಡ ಭೂಮಿಯನ್ನು 1768ರಲ್ಲಿ ಜೇಕಬ್ ಮಾರಬೇಕಾದರೆ ಇವರಿಬ್ಬರ ನಡುವೆ ಒಂದು ಪತ್ರ ಆಗಿರಲೇಬೇಕು. ಆ ಪತ್ರದಲ್ಲಿ ‘ನನ್ನ ಮಗ’ ಎಂಬ ಮಾತು ಇರಲೇಬೇಕು. ಆ ನಲವತ್ತೊಂಬತ್ತು ವರ್ಷದ ಪುಸ್ತಕಗಳನ್ನು ಹಾಳೆ ಹಾಳೆಯಾಗಿ ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ನೋಡಿದಳು. ಮತ್ತೆ ಮೊದಲಿನಿಂದ ನೋಡಿದಳು. ಕ್ರಯ ಇಲ್ಲ, ದಾನ ಇಲ್ಲ, ಮರಣಪತ್ರವೂ ಇಲ್ಲ. ಜುಲೈ ಕೊನೆಗೆ ವಕೀಲನಿಂದ ನೆನಪೋಲೆ ಬಂದಾಗ, ಈ ಮಹಾತಾಯಿ ಏನು ಮಾಡಿದಳು ಅಂತೀರಿ? ಅಭ್ಯಾಸಬಲದಿಂದ ಚೊಕ್ಕ ವರದಿಯೊಂದನ್ನು ಬರೆದು, ಜೇಕಬನಿಗೆ ಭೂಮಿ ಹೇಗೆ ಬಂತೆಂಬುದಕ್ಕೆ ಕೊಂಡಿ ಸಿಗಲಿಲ್ಲ ಎಂದು ಸೇರಿಸಿ, ಸಹಿ ಹಾಕಿ ಅಂಚೆಗೆ ಹಾಕಿದಳು.

ವಕೀಲ ಅದನ್ನು ಎರಡೂ ಕೈಯಲ್ಲಿ ಬಾಚಿಕೊಂಡ. ‘ತಮ್ಮ ಪ್ರಾಮಾಣಿಕತೆಗೆ ವಂದನೆಗಳು’ ಎಂದು ಉತ್ತರವೂ ಬಂತು. ಸೆಪ್ಟೆಂಬರ್ ಹತ್ತು ಹಾಗೆಯೇ ಇತ್ತು.

ಭಾನುವಾರ ಚರ್ಚು ಮುಗಿಸಿ ಅಣ್ಣ ತಂಗಿ ಊಟಕ್ಕೆ ಕೂತರು. ಹುರಿದ ಮೀನು, ಬನ್ನಿನಂಥ ಸಿಹಿಗೆಣಸಿನ ಬಿಸ್ಕತ್ತು ಮುಂದಿದ್ದರೂ ಎಲ್‌ವುಡ್ ಮುಟ್ಟಲಿಲ್ಲ. ಅವನು ಅಷ್ಟು ಸಿಟ್ಟಾಗಿದ್ದನ್ನು ಆರ್ಡೆಲಾ ನೋಡಿಯೇ ಇರಲಿಲ್ಲ.

“ನಿನ್ನ ಕೈಯಾರೆ ಬರ್ಕೊಟ್ಯಲ್ಲೇ ಡೆಲಾ! ಹೆತ್ತೋರ ಮೇಲೆ ಬುಲ್ಡೋಜರ್ ಹತ್ಸು ಅಂತ ನೀನೇ ಸಹಿ ಹಾಕಿದ ಹಾಗಾಯ್ತಲ್ಲೇ!”

“ಇದ್ದದ್ದು ಬರ್ದೆ. ಸುಳ್ಳು ಬರೀಬೇಕಿತ್ತಾ?”

“ಇದ್ದದ್ದು ಎಲ್ಲಿ ಬರ್ದೆ? ಇಲ್ಲದ್ದನ್ನ ತಾನೆ ಬರ್ದದ್ದು ನೀನು!”

“ನಿನ್ನ ತಲೆ. ಕಾಗದ ಇಲ್ದೆ ಯಾರ ಸೊತ್ತೂ ಯಾರಿಗೂ ಬರಲ್ಲ ಕಣೋ. ಇಷ್ಟು ವರ್ಷ ಅದೇ ಅನ್ನ ತಿಂದಿದ್ದೀನಿ.”

“ಓಹೋ! ಅಪ್ಪನ ದೋಣಿ ನಂಗೆ ಯಾವ ಕಾಗದದಲ್ಲಿ ಬಂತು, ಸ್ವಲ್ಪ ಹೇಳು ನೋಡೋಣ.”

ಆರ್ಡೆಲಾಳಿಗೆ ಐವತ್ತು ವರ್ಷದ ಹಳೆಯ ಹೊಟ್ಟೆಯುರಿ ಒಮ್ಮೆಗೇ ಹೊತ್ತಿಕೊಂಡಿತು. “ಯಾವ ಕಾಗದ? ದೊಡ್ಡೋನು ಅಂತ ಹತ್ತಿ ಕೂತೆ! ನಂಗೆ ಒಂದು ಮಾತು ಕೇಳಿದ್ಯಾ? ತಂಗಿ ಲಿಲಿಯನ್‌ಗೆ ಕೇಳಿದ್ಯಾ?”

“ಕೇಳೋದೇನಿತ್ತು? ಅಪ್ಪನ್ನ ಮಣ್ಣು ಮಾಡಿ ಬಂದ್ವಿ. ಮಾರನೇ ಬೆಳಿಗ್ಗೆ ನೀರಲ್ಲಿರೋ ಏಡಿ ಬುಟ್ಟಿ ಎತ್ತಬೇಕಿತ್ತು. ದೊಡ್ಡೋನು ನಾನು, ಹೋದೆ. ಊರಲ್ಲಿ ಒಬ್ಬನಾದ್ರೂ ಇದು ನಿಂದಾ ಅಂತ ಕೇಳಿದ್ನಾ?”

ಆರ್ಡೆಲಾ ಬೈಯಲು ಬಾಯಿ ತೆರೆದಳು. ಬಾಯಿ ತೆರೆದದ್ದು ಹಾಗೆಯೇ ಉಳಿಯಿತು.

“ಏನೇ, ಮುಳ್ಳು ಸಿಕ್ತಾ?” ಎಲ್‌ವುಡ್ ಗಾಬರಿಯಾಗಿ ನೀರಿನ ಲೋಟ ಮುಂದೆ ತಳ್ಳಿದ.

“ಎಲ್‌ವುಡ್,” ಎಂದಳು ಆರ್ಡೆಲಾ ನಿಧಾನವಾಗಿ, “ನಾನು ಕತ್ತೆ ಕಣೋ.”

“ಅದಕ್ಕೇನಾದ್ರೂ ಕಾಗದ ಬೇಕಾ?” ಎಂದ ಅವನು.

ವಿಷಯ ಇಷ್ಟೇ. ಈಗಿನ ವಕೀಲರು ಅರವತ್ತು ವರ್ಷ ಹಿಂದಕ್ಕೆ ಹುಡುಕಿಸುತ್ತಾರೆ, ಅದಕ್ಕಿಂತ ಹಿಂದಿನದು ಯಾರಿಗೂ ಬೇಡ. ಈ ಅರವತ್ತು ವರ್ಷದಲ್ಲಿ ಯಾವನು ಸತ್ತರೂ ವಾರಸುದಾರರ ಪಟ್ಟಿಯಾದರೂ ಕೋರ್ಟಿಗೆ ಬರುತ್ತದೆ. ಹಾಗಾಗಿ ಪತ್ರವಿಲ್ಲ ಎಂದರೆ ಹಕ್ಕಿಲ್ಲ ಎಂದೇ ಅವಳ ಕೈ ಪಳಗಿತ್ತು. ಆದರೆ ಇಂಗ್ಲೆಂಡಿನ ದೊರೆಯ ಕಾಲದ ಕಾನೂನು ಬೇರೆ. ಮರಣಪತ್ರ ಬರೆಯದೆ ಸತ್ತವನ ಭೂಮಿ ಪೂರ್ತಿಯಾಗಿ ಹಿರಿಯ ಮಗನಿಗೆ ಹೋಗುತ್ತಿತ್ತು, ಅದಕ್ಕೆ ಒಂದಕ್ಷರ ಬರೆಯಬೇಕಿರಲಿಲ್ಲ. ಕೊಳ್ಳದ, ದಾನ ಪಡೆಯದ ಭೂಮಿಯನ್ನು ಯಾವನಾದರೂ ರಾಜಾರೋಷವಾಗಿ ಮಾರಿದ್ದಾನೆಂದರೆ, ಕೊಂಡವನೂ ಕೋರ್ಟೂ ಅದನ್ನು ಒಪ್ಪಿವೆಯೆಂದರೆ, ಅವನು ಅವರಪ್ಪನ ಹಿರಿಯ ಮಗ. ಅವಳು ಎರಡು ತಿಂಗಳು ಹುಡುಕಿದ ಪತ್ರ ಇರಬಾರದಾಗಿತ್ತು. ಅದು ಇಲ್ಲದಿರುವುದೇ ಸಾಕ್ಷಿ. ಆರ್ಡೆಲಾ ಇದನ್ನು ಯಾವಾಗಲೋ ಪುಸ್ತಕದಲ್ಲಿ ಓದಿದ್ದಳು. ಕೈಗೆ ಮಾತ್ರ ಇಳಿದಿರಲಿಲ್ಲ.

ಸೋಮವಾರ ದಾಖಲೆ ಕೋಣೆಯ ಬಾಗಿಲು ತೆರೆಯುವ ಮೊದಲೇ ಅವಳು ಮೆಟ್ಟಿಲ ಮೇಲಿದ್ದಳು.

“ಏನು ಮಿಸ್ ಆರ್ಡೆಲಾ, ನನ್ನ ಕೆಲಸ ಕಿತ್ಕೊಳ್ಳೋ ಯೋಚ್ನೆನಾ?” ಎಂದಳು ಡಾರ್ಲೀನ್ ಬೀಗ ತೆಗೆಯುತ್ತ.

“ನಿನ್ನ ಕೆಲಸ ಯಾರಿಗೆ ಬೇಕೇ? ಕ್ರಯದ ಪುಸ್ತಕ ಬೇಡ. 1768ರ ಕೋರ್ಟಿನ ದಿನಚರಿ ಕೊಡು.”

“ಅದಕ್ಕೆ ಹೆಸರಿನ ಪಟ್ಟಿನೂ ಇಲ್ಲ. ಜಮೀನು ಹುಡುಕೋರು ಅದನ್ನ ಯಾಕೆ ನೋಡ್ತಾರೆ?”

“ನಾನೂ ಅದನ್ನೇ ಅಂದ್ಕೊಂಡಿದ್ದೆ” ಎಂದಳು ಆರ್ಡೆಲಾ. “ಗಂಡ ಸತ್ತ ಮೇಲೆ ಹೆಂಡ್ತಿಗೆ ಭೂಮಿಯ ಮೂರನೇ ಪಾಲು, ಸಾಯೋವರೆಗೂ. ಅಪ್ಪನಿಂದ ಬಂದ ಭೂಮಿ ಮಗ ಮಾರ್ಬೇಕಂದ್ರೆ ಅವಳು ತನ್ನ ಪಾಲು ಬಿಟ್ಕೊಡ್ಬೇಕು. ಬದುಕಿದ್ರೆ ಅವಳು ಕೋರ್ಟಿಗೆ ಬಂದೇ ಬಂದಿರ್ತಾಳೆ.”

ಇಬ್ಬರೂ ಸೇರಿ ಓದಿದರು. ಹಂದಿ ಕದ್ದವನಿಗೆ ದಂಡ, ರಸ್ತೆ ಸರಿಮಾಡದವನಿಗೆ ದಂಡ, ನ್ಯಾಯಾಧೀಶರ ಮುಂದೆ ಕುಡಿದು ಬಂದವನಿಗೆ ದಂಡ. ಮಧ್ಯಾಹ್ನದ ಹೊತ್ತಿಗೆ ಡಾರ್ಲೀನಳ ಬೆರಳು ನಿಂತಿತು. ಅವಳು ತಡವರಿಸುತ್ತ ಗಟ್ಟಿಯಾಗಿ ಓದಿದಳು: “‘ಇಮ್ಯಾನ್ಯುಯೆಲ್ ಬೆವನ್ಸನ ವಿಧವೆ ಹ್ಯಾನಾ ಕೋರ್ಟಿಗೆ ಬಂದು, ಗಂಡನ ಭೂಮಿಯಲ್ಲಿ ತನಗಿದ್ದ ಮೂರನೆಯ ಪಾಲನ್ನು, ತನ್ನ ಮಗ ಜೇಕಬ್ ಮಾರುವ ಸಲುವಾಗಿ, ಸ್ವಇಚ್ಛೆಯಿಂದ ಬಿಟ್ಟುಕೊಟ್ಟಳು. ಗೋರಿಗಳಿರುವ ಅರ್ಧ ಎಕರೆಯನ್ನು ಬಿಡಲು ಕೇಳಲಾಗಿ, ಒಪ್ಪಲಿಲ್ಲ.’”

“ಇನ್ನೊಂದ್ಸಲ ಓದು” ಎಂದಳು ಆರ್ಡೆಲಾ.

ಡಾರ್ಲೀನ್ ಇನ್ನೊಂದು ಸಲ ಓದಿದಳು. ಒಪ್ಪಲಿಲ್ಲ ಎಂಬಲ್ಲಿಗೆ ಬರುವಷ್ಟರಲ್ಲಿ ಆರ್ಡೆಲಾ ಅಳುತ್ತಿದ್ದಳು. ಆ ಕೋಣೆಯಲ್ಲಿ ಅವಳು ಅತ್ತದ್ದು ಅದೇ ಮೊದಲು. ದುಃಖಕ್ಕಲ್ಲ, ಓದು ಬರೆಹ ಬಾರದ ಆ ಮುದುಕಿ ಕೋಟು ತೊಟ್ಟ ಅಷ್ಟು ದೊಡ್ಡವರ ಮುಂದೆ ನಿಂತು ಒಲ್ಲೆನೆಂದು ತಲೆ ಅಲ್ಲಾಡಿಸಿದ್ದನ್ನು ಕಣ್ಣಾರೆ ಕಂಡಂತಾಗಿ, ಹೆಮ್ಮೆ ತಡೆಯಲಾಗದೆ.

ಆಗಸ್ಟ್ ಕೊನೆಯಲ್ಲಿ ವಕೀಲನ ಕಚೇರಿಯಲ್ಲಿ ಅವಳು ಕಾಗದದ ಕಟ್ಟು ಬಿಚ್ಚಿದಳು. ಹಾಲ್‌ವರ್ಸನ್ನನೂ ಕೂತಿದ್ದ.

“ಕೊಂಡಿ ಸಿಗಲಿಲ್ಲ ಅಂತ ನೀವೇ ಬರೆದಿದ್ದೀರಲ್ಲ ಮೇಡಂ?” ಎಂದ ವಕೀಲ.

“ಬರ್ದದ್ದು ನಾನೇ. ತಪ್ಪೂ ನಂದೇ. ಹೊರಗಿನೋನಾಗಿದ್ರೆ ಜೇಕಬ್ ಕೊಳ್ಳಬೇಕಿತ್ತು, ಕೊಂಡಿಲ್ಲ. ಕಿರಿಮಗನೋ ಅಳಿಯನೋ ಆಗಿದ್ರೆ ಯಾರಾದ್ರೂ ಬರ್ಕೊಡಬೇಕಿತ್ತು, ಬರ್ಕೊಟ್ಟಿಲ್ಲ. ಹಿರಿಮಗನಿಗೆ ಮಾತ್ರ ಏನೂ ಬೇಡವಾಗಿತ್ತು. ಅಷ್ಟಕ್ಕೂ ನನ್ನ ಮಾತು ನಂಬೋದು ಬೇಡ. ಅವನ ತಾಯಿ ಹೇಳ್ತಾಳೆ, ಓದಿ.”

ವಕೀಲ ಓದಿದ. ಕನ್ನಡಕ ತೆಗೆದು ಒರೆಸಿ ಮತ್ತೆ ಓದಿದ. ಆಮೇಲೆ ಹಾಳೆಯನ್ನು ಹಾಲ್‌ವರ್ಸನ್ನನ ಕಡೆ ಸರಿಸಿದ. ಹಾಲ್‌ವರ್ಸನ್ ಅದನ್ನು ಮುಗಿಸಿ, ಜೇಬಿನಿಂದ ಬೀಗದ ಕೈ ತೆಗೆದು ಮೇಜಿನ ಮೇಲಿಟ್ಟ. “ದೋಣಿಮನೆ ಆ ಕಡೆ ಕಟ್ಕೋತೀನಿ” ಎಂದ. “ನನ್ನ ಅಜ್ಜಿನೂ ಹೀಗೇ ಇದ್ರು.”

ಮಾರನೆಯ ಬೆಳಿಗ್ಗೆ ಅಣ್ಣ ತಂಗಿ ಹೆರಾನ್ ನೆಕ್ಕಿಗೆ ಹೋದರು. ಮುಳ್ಳು ಎದೆಯೆತ್ತರ ಬೆಳೆದಿತ್ತು. ಎಲ್‌ವುಡ್ ಕಡಿದ, ಆರ್ಡೆಲಾ ಎಳೆದು ಹಾಕಿದಳು. ಬಿಸಿಲೇರುವಷ್ಟರಲ್ಲಿ ಹದಿನೇಳು ಗುಳಿಗಳು ಕಾಣಿಸಿದವು. ಎಲ್‌ವುಡ್ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ.

“ಇದ್ರಲ್ಲಿ ಹ್ಯಾನಾ ಯಾವುದೇ?”

ಊರಿನ ಯಾವ ಹೊಲದ ಯಾವ ಮೂಲೆ ಯಾರದೆಂದು ಕೇಳಿದರೂ ತಟ್ಟನೆ ಹೇಳುತ್ತಿದ್ದ ಆರ್ಡೆಲಾ ಹದಿನೇಳನ್ನೂ ಒಮ್ಮೆ ನೋಡಿದಳು.

“ಗೊತ್ತಿಲ್ಲ ಕಣೋ” ಎಂದಳು.

“ಮತ್ತೆ ಏನ್ ಮಾಡೋಣ?”

ಆರ್ಡೆಲಾ ಮೊದಲನೆಯ ಗುಳಿಯ ಮುಂದೆ ಮಂಡಿಯೂರಿ, ಉರುಳಿದ ಶಂಖವನ್ನು ಎತ್ತಿ ನಿಲ್ಲಿಸಿದಳು. “ಹ್ಯಾನಾ ಅಜ್ಜಿ, ನಾವು ನಿನ್ನ ಜೇಕಬನ ಕಡೆಯೋರು” ಎಂದಳು. ಎದ್ದು ಎರಡನೆಯದರ ಹತ್ತಿರ ಹೋಗಿ ಅಲ್ಲಿಯೂ ಅದನ್ನೇ ಹೇಳಿದಳು. ಮೂರನೆಯದಕ್ಕೆ ಎಲ್‌ವುಡ್ ಹೇಳಿದ. ಹಾಗೆ ಹದಿನೇಳಕ್ಕೂ ಹೇಳಿ ಮುಗಿಸುವ ಹೊತ್ತಿಗೆ ಮಧ್ಯಾಹ್ನವಾಗಿತ್ತು.